ಮೊಳೆ ಮರದ ಕುರ್ಚಿ

"ಒಯ್ಯೂದಿದ್ರ ಒಯ್ರಿ ಯಪ್ಪಾ. ಆದ್ರ ಮೊಳಿ ಮಾತ್ರ ಕೀಳಬ್ಯಾಡ್ರಿ."

ಗುಡೂರಿನ ಹೊರಗೆ, ರಸ್ತೆ ಅಗಲ ಮಾಡುವವರು ಉರುಳಿಸಿ ಹೋಗಿದ್ದ ಬೇವಿನ ಮರದ ಬದಿಗೆ ಕೂತಿದ್ದ ಮುದುಕಿ ಹೀಗೆಂದಾಗ, ಶಿರೀಷ ಆಗಲೇ ಟೇಪು ಹಿಡಿದು ಕಾಂಡ ಅಳೆಯುತ್ತಿದ್ದ. ಚಲೋ ಮರ. ಹೋದ ಮಳೆಗಾಲದ ಮುಂಚೆಯೇ ಉರುಳಿದ್ದು, ಬಿಸಿಲಿಗೆ ಹದವಾಗಿ ಒಣಗಿತ್ತು. ಆದರೆ ಆಳೆತ್ತರದವರೆಗೆ ಮೈತುಂಬ ಮೊಳೆ. ಕೆಲವನ್ನು ತೊಗಟೆಯೇ ನುಂಗಿತ್ತು. ಒಂದೊಂದು ಮೊಳೆಯ ಬುಡದಲ್ಲೂ ಏನೋ ಸಿಕ್ಕಿಕೊಂಡಿತ್ತು: ಕೂಸಿನ ಕುಂಚಿಗೆಯ ಚೂರು, ಕರಿಮಣಿ, ಗೋವಿನಜೋಳದ ತೆನೆಯ ಎಳೆಯಂಥ ಮೆತ್ತನೆಯ ಕೂದಲು.

"ಏನಬೇ ಆಯಿ ಇವು? ಹರಕಿ ಮೊಳಿ ಏನು?"

"ಸತ್ತ ಕೂಸುಗೊಳ ಮೊಳಿ ಅದಾವ್ರಿ." ಮುದುಕಿ ದನಿ ತಗ್ಗಿಸಿದಳು. "ಕೂಸು ಸತ್ತ ಮ್ಯಾಲ ತಾಯಿ ಅಳತಾಳ. ಆ ದನಿ ಕೇಳಿ ಅದು ಹೊಳ್ಳಿ ಮನಿಗೆ ಬರತೈತಿ. ಬಾಗಿಲದಾಗ ನಿಂತು ಯವ್ವಾ ಅಂತೈತಿ. ತಾಯಿ ಓ ಅಂದ್ಲಂದ್ರ ಮುಗೀತು, ಆಕಿನ್ನೂ ಕರಕೊಂಡು ಹೊಕ್ಕೈತಿ. ಅದಕ್ಕ ಹಿಂದಕ ಒಬ್ಬ ಮಂತ್ರಗಾರ ಈ ಗಿಡಾ ಕಟ್ಟಿದ್ದ. ಕೂಸಿನ ಕೂದಲಾ ಇಟ್ಟು ಮೊಳಿ ಹೊಡದ್ರ ಅದಕ್ಕ ತಾಯಿ ದನಿ ಕೇಳಸಂಗಿಲ್ಲ. ಅಳೂದು ನಮಗ, ನಿದ್ದಿ ಅದಕ್ಕ."

"ಕಿತ್ತರ?"

"ಕಿತ್ತಾಂವನ ದನಿ ಕೇಳಸತೈತಿ. ಅವನ ಮನೀನ ಅವಕ್ಕ ಮನಿ."

ಶಿರೀಷ ನಕ್ಕ. "ಬರಲಿ ಬಿಡಬೇ. ಸಣ್ಣ ಸಣ್ಣ ಕುರ್ಚಿ ಮಾಡಿ ಇಟ್ಟಿರ್ತೇನಿ. ಎಲ್ಲಾರೂ ಕುಂಡರಲಿ."

ಜೊತೆಗೆ ಬಂದಿದ್ದ ಬಡಿಗ ಯುನೂಸ ನಗಲಿಲ್ಲ. ಮುದುಕಿ ಎದ್ದು, ಒಂದು ಮೊಳೆಯ ಮೇಲೆ ಅಂಗೈ ಇಟ್ಟು, ಬಿಸಿಲಿಗೆ ಕಾದ ಆ ಕಬ್ಬಿಣವನ್ನು ಕೈ ಸುಡುವವರೆಗೆ ಮುಚ್ಚಿಕೊಂಡು ನಿಂತಳು. ಹೆಸರು ಹುಚ್ಚವ್ವ ಅಂತ, ಅಲ್ಲಿಯೇ ಕುರಿ ಕಾಯುವಾಕೆ ಅಂತ, ಮರ ಹೇರುವಾಗ ಆಳುಗಳು ಹೇಳಿದರು.

ಶಿರೀಷ ಹುಬ್ಬಳ್ಳಿಯವನು. ಹೆಂಡತಿ ವರದಾಳಿಗೆ ಬಾಗಲಕೋಟೆಯ ಕಾಲೇಜಿನಲ್ಲಿ ಕೆಲಸ ಸಿಕ್ಕ ಮೇಲೆ ನವನಗರದಲ್ಲಿ ಮನೆ ಮಾಡಿ, ಅಲ್ಲಿಯೇ ಪೀಠೋಪಕರಣದ ಅಂಗಡಿ ತೆರೆದಿದ್ದ. ಅವನಿಗೊಂದು ಹಂಬಲವಿತ್ತು. ಇಲ್ಲಿ ಮಾಸ್ತರರು, ಬ್ಯಾಂಕಿನವರು, ಹೊಸದಾಗಿ ಮದುವೆಯಾದವರು ಸಣ್ಣ ಮನೆಗೆ ಆನೆಯಂಥ ಸೋಫಾ ತಂದು ತುಂಬುತ್ತಾರೆ. ಆಮೇಲೆ ಮನೆಯೊಳಗೆ ತಾವೇ ಅಡ್ಡಡ್ಡ ನಡೆಯುತ್ತಾರೆ. ಅವನು ಮಾಡುತ್ತಿದ್ದುದು ರೇಡಿಯೋ ಹೊಸದಾಗಿದ್ದ ಕಾಲದ ಮಾದರಿ. ಕೆತ್ತನೆಯಿಲ್ಲ, ಭಾರವಿಲ್ಲ. ಕೆಳಕ್ಕೆ ಸಪೂರಾಗುತ್ತ ಹೋಗಿ ತುಸು ಹೊರಕ್ಕೆ ಚಾಚಿದ ಕಾಲುಗಳು. ಕೂರಲು ನವಾರ ಪಟ್ಟಿ, ಒರಗಲು ಗುಳೇದಗುಡ್ಡದ ಖಣದ ಬಟ್ಟೆಯ ದಿಂಬು. ಅಡಿಯಲ್ಲಿ ಬೆಳಕು ಹರಿಯಬೇಕು, ಕಸಬರಿಗೆ ಆಡಬೇಕು. "ಸಣ್ಣ ಮನಿನೂ ಉಸರಾಡಬೇಕ್ರಿ," ಎನ್ನುತ್ತಿದ್ದ ಗಿರಾಕಿಗಳಿಗೆ. ತೇಗದಲ್ಲಿ ಮಾಡಿದರೆ ಇವರ ಕೈಗೆ ಎಟುಕದು. ಬೇವು ಎಟುಕುತ್ತದೆ, ಕಹಿಗೆ ಹುಳವೂ ಹತ್ತಿರ ಬರದು.

ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಯುನೂಸ ಇಕ್ಕಳ ಕೆಳಗಿಟ್ಟ. "ಸಾಹೇಬ್ರ, ಬ್ಯಾರೆ ಏನರೆ ಹೇಳ್ರಿ, ಮಾಡ್ತೇನಿ. ಇದು ನನ್ನ ಕೈಲೆ ಆಗಂಗಿಲ್ಲ."

ಶಿರೀಷ ತಾನೇ ಕಿತ್ತ. ಒಂದೊಂದು ಮೊಳೆಯೂ ಬರುವಾಗ ಕಿರುಗುಟ್ಟಿತು. ಮರಕ್ಕೆ ಬಡಿದ ಮೊಳೆ ಕೀಳುವಾಗ ಹಾಗೆ ಕಿರುಗುಟ್ಟುವುದು ಸಹಜವೇ. ಆದರೆ ಸದ್ದು ಮೊಳೆ ಬಂದ ಮೇಲೂ ಕ್ಷಣಹೊತ್ತು ಉಳಿಯುತ್ತಿತ್ತು. ಗರಗಸಕ್ಕೆ ಕೊಟ್ಟಾಗ ಬೇವಿನ ಕಹಿ ವಾಸನೆ ಏಳಲಿಲ್ಲ. ಹುಳಿ ಹಾಲಿನ ವಾಸನೆ, ಎಣ್ಣೆ ಹಚ್ಚಿ ಎರೆದ ಕೂಸಿನ ನೆತ್ತಿಗೆ ಹಿಡಿಯುವ ಲೋಬಾನದ ಹೊಗೆಯ ವಾಸನೆ ಶೆಡ್ಡು ತುಂಬಿತು. ಹಲಗೆಯ ಮೇಲೆ ಮೊಳೆಯಿದ್ದಲ್ಲೆಲ್ಲ ಕಬ್ಬಿಣ ಇಳಿದು ಕಪ್ಪು ಕಲೆ ಬಿದ್ದಿತ್ತು, ಕಾಡಿಗೆಯ ಬೊಟ್ಟಿನಂತೆ. ಅವನ ಕಣ್ಣಿಗೆ ಅದು ಚೆಂದ ಕಂಡಿತು. ಕಲೆ ಅಳಿಸದೆ ಹಾಗೇ ಮೆರುಗು ಕೊಟ್ಟ. ಮೊದಲ ಕುರ್ಚಿಯನ್ನು, ಚಿಕ್ಕದೊಂದನ್ನು, ಮಗಳಿಗಾಗಿ ಮನೆಗೊಯ್ದ.

ಮಗಳು ಅಮಿತಾ. ಎರಡನೇ ಇಯತ್ತೆ ಓದುತ್ತಿದ್ದಳು. ಮನೆಯಲ್ಲಿ ಅಮಿ. ಅಪ್ಪ ಬಾಗಿಲಲ್ಲಿ ಒಂದು ಸಲ "ಅಮೀ" ಅಂದರೆ ಸಾಕು, ಉಣ್ಣುವ ಕೈಯಲ್ಲೇ ಓಡಿಬರುವ ಹುಡುಗಿ.

ಬೇಸಿಗೆ. ನೆತ್ತಿ ಸುಡುವ ಮಧ್ಯಾಹ್ನ. ಕಿಟಕಿ ಮುಚ್ಚಿತ್ತು, ಕರೆಂಟು ಹೋಗಿತ್ತು, ಪಡಸಾಲೆಯಲ್ಲಿ ಮಬ್ಬುಗತ್ತಲೆ. ಒಳಗೆ ಅಡ್ಡಾಗಿದ್ದ ಶಿರೀಷನಿಗೆ ಅಮಿ ಕುರ್ಚಿಯಲ್ಲಿ ಕೂತು ಕಾಲಾಡಿಸುವ ಸದ್ದು ಕೇಳುತ್ತಿತ್ತು. ದಪ್, ದಪ್. ಕೇಳುತ್ತ ಕೇಳುತ್ತ ಅವನಿಗೆ ಎಚ್ಚರವಾಯಿತು. ಎರಡು ಹಿಮ್ಮಡಿಗಳ ಸದ್ದಲ್ಲ ಅದು.

ಎದ್ದು ಹೋಗಿ ನೋಡಿದ. ಅಮಿ ಒಬ್ಬಳೇ ಇದ್ದಳು. ಕಾಲು ಆಡುತ್ತಿರಲಿಲ್ಲ. ಅವನತ್ತ ತಿರುಗಿ, ತನ್ನದಲ್ಲದ ಒರಟು ದನಿಯಲ್ಲಿ ಅಂದಳು:

"ಯವ್ವಾ, ಹೊಟ್ಟಿ ಹಸ್ತೈತಿ."

"ಸಾಲ್ಯಾಗ ಕಲತು ಬಂದಾಳ ಬಿಡ್ರಿ," ಎಂದು ವರದಾ ಮೊದಲ ದಿನ ನಕ್ಕಳು. ಆಮೇಲೆ ನಗಲಿಲ್ಲ. ಹುಡುಗಿ ಒಮ್ಮೆ ತೊದಲುತ್ತಿದ್ದಳು. ಒಮ್ಮೆ ಕೆಮ್ಮಿ ಕೆಮ್ಮಿ ಮಾತಾಡುತ್ತಿದ್ದಳು. ಒಮ್ಮೆ ಮಾತೇ ಬರದ ಎಳೆಗೂಸಿನಂತೆ ಬರೀ ಕುಂಯ್‌ಗುಡುತ್ತಿದ್ದಳು. ಎಲ್ಲ ದನಿಗೂ ಹಸಿವೆ. ರೊಟ್ಟಿ, ಅನ್ನ, ಹಾಲು, ಕೊಟ್ಟಷ್ಟೂ ತಿಂದಳು; ತಿಂದಷ್ಟೂ ಸೊರಗಿದಳು. ಕೆನ್ನೆ ಒಳಸೇರಿತು. ಆ ಸುಡುಬಿಸಿಲಿನಲ್ಲೂ ಮೈ ಮುಟ್ಟಿದರೆ ಬಾವಿಯ ಕಲ್ಲಿನಂತೆ ತಣ್ಣಗೆ. ದವಾಖಾನೆಯವರು ರಕ್ತ ತೆಗೆದು ನೋಡಿ, ಏನೂ ಇಲ್ಲ ಅಂದರು. ಎಲ್ಲಕ್ಕಿಂತ ದೊಡ್ಡ ಸಂಕಟವೆಂದರೆ, "ಅಮೀ" ಅಂದರೆ ತಿರುಗುವುದನ್ನೇ ಬಿಟ್ಟಿದ್ದಳು. "ಯವ್ವಾ" ಅಂತ ಅವಳು ಕರೆಯುವಾಗ ತಾಯಿಯನ್ನು ನೋಡುತ್ತಿರಲಿಲ್ಲ. ಶಿರೀಷನನ್ನು ನೋಡುತ್ತಿದ್ದಳು.

ಅವನು ಕುರ್ಚಿ ಒಡೆದು, ಶೆಡ್ಡಿನಲ್ಲಿ ಉಳಿದಿದ್ದ ಹಲಗೆಗಳ ಜೊತೆ ಹಿತ್ತಲಲ್ಲಿ ಸುಟ್ಟ. ಹಾಲು ಉಕ್ಕಿ ಒಲೆಗೆ ಬಿದ್ದಂಥ ಕಮಟು ಓಣಿಯ ತುಂಬ ಹರಡಿತು. ಆ ಸಂಜೆಯಿಂದ ದನಿಗಳು ಒಂದರ ಬೆನ್ನಿಗೊಂದು, ಉಸಿರು ಬಿಡದೆ ಬಂದವು. ಕುರ್ಚಿ ಇಲ್ಲದ್ದಕ್ಕೆ ಅವು ಅವಳಲ್ಲೇ ಕೂತವು.

ಶಿರೀಷ ಗುಡೂರಿಗೆ ಓಡಿದ. ಹುಚ್ಚವ್ವನ ಕಾಲು ಹಿಡಿದ. ಅವಳು ಬೈಯಲಿಲ್ಲ, "ಹೇಳಿದ್ನಿಲ್ಲ?" ಅನ್ನಲಿಲ್ಲ. ಕುರಿಗಳನ್ನು ಮಗ್ಗುಲವರಿಗೆ ಒಪ್ಪಿಸಿ ಗಾಡಿ ಹತ್ತಿದಳು.

ನವನಗರ ಮುಟ್ಟುವಷ್ಟರಲ್ಲಿ ಅಡ್ಡಮಳೆಯ ಗಾಳಿ ಎದ್ದಿತ್ತು. ಹಾಡುಹಗಲೇ ಕೆಂಧೂಳಿ ಸೂರ್ಯನನ್ನು ನುಂಗಿತು. ಕಿಟಕಿಗಳು ಬಡಿಯುತ್ತಿದ್ದವು. ಹುಚ್ಚವ್ವ ಹೊಸ್ತಿಲು ದಾಟುತ್ತಲೇ ಒಳಗಿನ ಗೋಳು ಗಪ್ಪಂತ ನಿಂತಿತು. ಹಾಸಿಗೆಯ ಮೇಲಿದ್ದ ಅಮಿ ಮೆಲ್ಲಗೆ ಎದ್ದು ಕೂತಳು. ಬಾಯಿಂದ ಗಂಡುಹುಡುಗನ ದನಿ ಬಂತು. ಎಳೆಯ, ಒಣಗಿದ ದನಿ.

"ಯವ್ವಾ. ನಾ ಅವತ್ತ ಬಾಗಿಲದಾಗ ನಿಂತು ಕರದ್ನಿ. ನೀ ಯಾಕ ಓ ಅನ್ಲಿಲ್ಲ?"

ಹುಚ್ಚವ್ವನ ಕೈ ಗೋಡೆ ಹುಡುಕಿತು.

"ಬೀರ್ಯಾ," ಅಂದಳು, ಉಸಿರಿನಷ್ಟು ಸಣ್ಣಗೆ.

"ಮಳಿ ಇತ್ತು ಯವ್ವಾ. ನೀ ಒಳಗ ಇದ್ದಿ. ನಿನ್ನ ಕೈಬಳಿ ಸಪ್ಪಳ ಕೇಳ್ತಿತ್ತು."

ಬಾಯಿಗೆ ಸೆರಗು ತುರುಕಿಕೊಂಡು ಮುದುಕಿ ಅಲ್ಲಿಯೇ ಕುಸಿದು ಕೂತಳು. ಎಷ್ಟೋ ಹೊತ್ತು ಅವಳ ಬೆನ್ನು ಮಾತ್ರ ಅಲುಗುತ್ತಿತ್ತು. ಆಮೇಲೆ ಸೆರಗು ತೆಗೆದಳು. ವರದಾ "ಬ್ಯಾಡಬೇ" ಅನ್ನುವಷ್ಟರಲ್ಲಿ, ಒಂದು ಜನ್ಮವೆಲ್ಲ ನುಂಗಿಕೊಂಡಿದ್ದ ಮಾತನ್ನು ಹೇಳಿಯೇಬಿಟ್ಟಳು.

"ಓ, ನನ್ನಪ್ಪಾ. ಓ."

ಅಮಿಯ ಮುಖದ ಮೇಲಿಂದ ಒಂದು ನೆರಳು ಸರಿಯಿತು. ಒಂದೇ. ಮರುಗಳಿಗೆಗೆ ಉಳಿದವು ಮತ್ತೆ ಶುರುವಾದವು.

"ನಂದು ನನ್ನ ಕೂಡ ಬಂತು," ಅಂದಳು ಹುಚ್ಚವ್ವ. ಕಣ್ಣೀರು ಒರೆಸಿಕೊಳ್ಳಲಿಲ್ಲ. "ಉಳದವ್ರ ತಾಯಂದ್ರು ಎಲ್ಲೆಲ್ಲಿ ಮಣ್ಣಾಗ್ಯಾರೋ. ಕೇಳು ಯಪ್ಪಾ. ಅವೆಲ್ಲಾ ನಿನ್ನ ದನಿ ಹಿಡಕೊಂಡು ಬಂದಾವ. ಆ ದನಿ ಮುಚ್ಚಬೇಕು. ಗಿಡದ ಬೊಡ್ಡಿ ಇನ್ನಾ ಅಲ್ಲೇ ಐತಿ. ನಿನ್ನ ಮಗಳ ಕೂದಲಾ ಇಟ್ಟು ನೀನ ಮೊಳಿ ಹೊಡೀಬೇಕು. ಅಂದ್ರ ಅವಕ್ಕ ಹಾದಿ ತಪ್ಪತೈತಿ."

"ಅಷ್ಟ ಅಲ್ಲೇನು? ಈಗ ಹೊಂಡೂಣು," ಅಂದ ಶಿರೀಷ.

"ಪೂರ್ತಿ ಕೇಳು. ಅವೆಲ್ಲಾ ಆಕಿ ಕಿವ್ಯಾಗ ಕುಂತಾವ. ಅವಕ್ಕ ಮುಚ್ಚಿದ್ರ ಆಕಿಗೂ ಮುಚ್ಚತೈತಿ. ಇನ್ನ ಮ್ಯಾಲ ನೀ ಆಕಿನ್ನ ಕರಿಯಾಕ ಬರಂಗಿಲ್ಲ. ಆಕಿಗೆ ನೀ ಇದ್ದೂ ಇರಂಗಿಲ್ಲ."

ಶಿರೀಷ ವರದಾಳನ್ನು ನೋಡಿದ. ವರದಾ ಮಗಳನ್ನು ನೋಡುತ್ತಿದ್ದಳು. ತಾಯಿಯೇ ಎದ್ದು ಕತ್ತರಿ ತಂದಳು.

ಗುಡೂರಿನ ಬೊಡ್ಡೆಯ ಹತ್ತಿರ ಹೊತ್ತು ಮುಳುಗುತ್ತಿತ್ತು. ಗಾಳಿ ನಿಂತು, ಧೂಳು ಮಾತ್ರ ಅಂತರದಲ್ಲಿ ತೂಗುತ್ತಿತ್ತು. ವರದಾ ಅಮಿಯನ್ನು ಎದೆಗೆ ಅವುಚಿಕೊಂಡು ಕೂತಳು. ಶಿರೀಷ ಬೊಡ್ಡೆಯ ಮೇಲೆ ಕೂದಲಿನ ಎಳೆ ಇಟ್ಟ. ಮೊಳೆ ಊರಿದ. ಸುತ್ತಿಗೆ ಎತ್ತಿದ.

ಹೊಡೆದ.

ಒಂದು ದನಿ ಚೀರಿತು. ಅಡಗಿತು.

ಹೊಡೆದ. ತೊದಲುಮಾತು ನಡುವೆಯೇ ತುಂಡಾಯಿತು. ಹೊಡೆದ. ಕೆಮ್ಮು ನಿಂತಿತು. "ಯವ್ವಾ ಬ್ಯಾಡ." ಹೊಡೆದ. "ಕತ್ತಲಾಗೈತಿ ಯವ್ವಾ." ಹೊಡೆದ. ಕೈ ಬೆವರಿತು. ಸುತ್ತಿಗೆ ಜಾರಿತು. ಮತ್ತೆ ಹಿಡಿದ. ಎಳೆಗೂಸಿನ ಕುಂಯ್‌ಗುಟ್ಟು ಸಣ್ಣದಾಯಿತು. ಇನ್ನೂ ಸಣ್ಣದಾಯಿತು. ಹೋಯಿತು.

ಮೊಳೆಯ ತಲೆ ಮಾತ್ರ ಹೊರಗಿತ್ತು. ಆಗ ಹಿಂದಿನಿಂದ ಇನ್ನೊಂದು ದನಿ ಬಂತು.

"ಅಪ್ಪಾ?"

ಅದು ಅವಳದೇ. ಅವನ ಅಮಿಯದೇ. ಎಷ್ಟೋ ದಿನದಿಂದ ಅವನು ಕೇಳದಿದ್ದ ದನಿ.

"ಅಪ್ಪಾ, ಅಂಜಿಕಿ ಬರಾಕತ್ತೈತಿ. ನನ್ನ ಎತ್ತಗೋ. ಅಪ್ಪಾ, ಹೊಡೀಬ್ಯಾಡಪಾ."

ಸುತ್ತಿಗೆ ಗಾಳಿಯಲ್ಲಿ ನಿಂತಿತು.

"ತಿರುಗಬ್ಯಾಡ," ಹುಚ್ಚವ್ವ ಹಲ್ಲು ಕಚ್ಚಿ ಅಂದಳು. "ತಿರುಗಿದ್ರ ಎಲ್ಲಾ ಹೊಳ್ಳಿ ಬರ್ತಾವ."

"ಅಪ್ಪಾ—"

ಹೊಡೆದ.

ಸದ್ದಿಲ್ಲ. ದೂರದಲ್ಲೆಲ್ಲೋ ಕುರಿಯ ಗಂಟೆ. ಶಿರೀಷ ತಿರುಗಿ ನೋಡಿದ. ಅಮಿಯ ಕೆನ್ನೆಗೆ ರಕ್ತ ಮರಳುತ್ತಿತ್ತು. ಕಣ್ಣು ಉಜ್ಜಿಕೊಂಡು ಸುತ್ತ ನೋಡಿದಳು. "ಅಮ್ಮಾ, ಇದು ಯಾವೂರು? ನೀರು ಕೊಡು."

"ಅಮೀ," ಅಂದ ಅವನು. ಅವಳು ತಿರುಗಲಿಲ್ಲ. "ಅಮೀ! ಅಮೀ ಪುಟ್ಟಾ!" ಗಂಟಲು ಹರಿಯುವಂತೆ ಕೂಗಿದ. ಬೊಡ್ಡೆಯ ಮೇಲಿದ್ದ ಕಾಗೆ ಹಾರಿಹೋಯಿತು. ಹುಡುಗಿ ತಾಯಿಯ ಕೊರಳಿಗೆ ಜೋತು, ಕಣ್ಣಂಚಿನಿಂದ ಅವನನ್ನು ನೋಡಿ, ಪಿಸುಗುಟ್ಟಿದಳು:

"ಅಮ್ಮಾ, ಆ ಅಂಕಲ್ ಯಾಕ ಅಳಾಕತ್ತಾರ?"

ಹುಚ್ಚವ್ವ ಯಾರಿಗೂ ಹೇಳದೆ ಊರ ಕಡೆ ಹೊರಟಿದ್ದಳು. ಪಕ್ಕದಲ್ಲಿ ಸಣ್ಣವರಾರೋ ನಡೆಯುತ್ತಿದ್ದಾರೆ ಎಂಬಂತೆ ಅವಳ ಬಲಗೈ ತುಸು ಕೆಳಕ್ಕೆ ಚಾಚಿತ್ತು. ಮರುದಿನ ಬೆಳಗ್ಗೆ ಅವಳು ತೀರಿಕೊಂಡ ಸುದ್ದಿ ಬಂತು. ಮುಖದಲ್ಲಿ ನಗು ಇತ್ತಂತೆ.

ಕೆಲವು ದಿನ ಶಿರೀಷ ಮನೆಯಲ್ಲಿಯೇ ಇದ್ದು ನೋಡಿದ. ಆಗಲಿಲ್ಲ. ಗುರುತಿಲ್ಲದ ಗಂಡಸು ಮನೆಯಲ್ಲಿ ಓಡಾಡುತ್ತಾನೆಂದು ಹುಡುಗಿ ಬೆದರಿ ತಾಯಿಯ ಸೆರಗು ಬಿಡುತ್ತಿರಲಿಲ್ಲ. ಗೋಡೆಯ ಮೇಲಿನ ಫೋಟೋ ತೋರಿಸಿದರೆ, "ಇಲ್ಲಿ ನೀನೂ ನಾನೂ ಅದೇವಿ. ಇವ್ರು ಯಾರು?" ಅಂದಳು. ಆ ರಾತ್ರಿ ಅವನೇ ಬಟ್ಟೆ ಕಟ್ಟಿಕೊಂಡ. ವರದಾ ಬಾಗಿಲವರೆಗೆ ಬಂದು, ಅವನ ಅಂಗಿಯ ತೋಳು ಹಿಡಿದು, ಬಹಳ ಹೊತ್ತಿನ ಮೇಲೆ ಬಿಟ್ಟಳು.

ಈಗ ಅವನ ಅಂಗಡಿ ಕುಳಗೇರಿ ಕ್ರಾಸಿನಲ್ಲಿದೆ. ಯುನೂಸನೂ ಜೊತೆಗೆ ಬಂದ. ಸಣ್ಣ ಮನೆಯವರು ಹುಡುಕಿಕೊಂಡು ಬರುತ್ತಾರೆ. ಶಿರೀಷ ಮಾತು ಕಡಿಮೆ ಮಾಡಿದ್ದಾನೆ.

ಕೆಲವು ವರ್ಷ ಕಳೆದು, ಹೋದ ಜೂನಿನಲ್ಲಿ ವರದಾ ಫೋನು ಮಾಡಿದಳು. "ಅಮಿಗೆ ಓದಾಕ ಒಂದು ಟೇಬಲ್ ಬೇಕಾಗೇತಿ," ಅಂದಳು.

ಎಂದೂ ಮಾಡದಷ್ಟು ಮುತುವರ್ಜಿಯಿಂದ ಮಾಡಿದ. ಹಗುರ ಹಲಗೆ, ಪುಸ್ತಕಕ್ಕೊಂದು ಗೂಡು, ಸಪೂರ ಕಾಲು. ಕಾಲುಗಳನ್ನು ತಿರುಪಿನಿಂದ ಕೂಡಿಸಿದ. ಹುಡುಗಿ ಬೆಳೆದಂತೆ ಬಿಚ್ಚಿ ಉದ್ದನೆಯವನ್ನು ಹಾಕಬಹುದು. ವರ್ಷಕ್ಕೊಮ್ಮೆ ಯಾರಾದರೂ ಬಂದು ಹಾಕಿಕೊಡಬೇಕಾಗುತ್ತದೆ.

ತಾನೇ ಹೊತ್ತು ತಂದ. ಬಾಗಿಲು ತೆಗೆದವಳು ಅಮಿ. ಎತ್ತರವಾಗಿದ್ದಳು, ಎರಡು ಜಡೆ ಹಾಕಿದ್ದಳು. "ಇಲ್ಲಿ, ಕಿಡಕಿ ಕಡೆ ಇಡ್ರಿ ಅಂಕಲ್," ಅಂದಳು. ಅವನು ಇಟ್ಟ. ತಡೆಯಲಾಗಲಿಲ್ಲ. "ಚಲೋ ಐತೇನವಾ?" ಅಂತ ಕೇಳಿದ.

ಅವಳು ಅವನ ತುಟಿಗಳನ್ನೇ ನೋಡಿದಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತಾಯಿಯ ಕಡೆ ತಿರುಗಿ, ದನಿ ತಗ್ಗಿಸಿ ಅಂದಳು: "ಅಮ್ಮಾ, ಪಾಪ, ಇವ್ರಿಗೆ ಮಾತು ಬರಂಗಿಲ್ಲ."

ವರದಾ ಗೋಡೆ ಕಡೆ ಮುಖ ತಿರುಗಿಸಿದಳು.

ಹುಡುಗಿ ಒಳಗೆ ಹೋಗಿ ಒಂದು ತಂಬಿಗೆ ನೀರು ತಂದುಕೊಟ್ಟಳು. ಅವನು ನಿಂತೇ ಕುಡಿದ. ಒಂದು ಹನಿ ಬಿಡದೆ ಕುಡಿದ. ಖಾಲಿ ತಂಬಿಗೆ ತೆಗೆದುಕೊಂಡ ಅವಳು, ಮಾತು ಬಾರದವರ ಜೊತೆ ಮಾತಾಡುವಂತೆ, ಹೆಬ್ಬೆರಳನ್ನು ಬಾಯಿಯತ್ತ ಬಾಗಿಸಿ ಹುಬ್ಬು ಹಾರಿಸಿದಳು. ಇನ್ನೂ ಬೇಕೇನು?

ನೀರಡಿಕೆ ಇರಲಿಲ್ಲ. ಶಿರೀಷ ತಲೆ ಆಡಿಸಿದ, ಹೂಂ ಅಂತ. ಅವಳು ಜಡೆ ಕುಣಿಸುತ್ತ ಮತ್ತೆ ನೀರು ತರಲು ಒಳಗೆ ಓಡಿದಳು.