ಎಷ್ಟು ಕುರಿ ಅಂತ ಕೇಳಬೇಡಿ

"ಹೇಳಲ್ಲ ಮಿಸ್."

ಪ್ರಮೋದಾ ಎದ್ದು ನಿಂತು ಇಷ್ಟೇ ಹೇಳಿದಳು. ಐದನೇ ಕ್ಲಾಸಿನ ಮಕ್ಕಳೆಲ್ಲ ಒಟ್ಟಿಗೇ ಅವಳ ಕಡೆ ತಿರುಗಿದರು.

"ಗೊತ್ತಿಲ್ಲ ಅನ್ನು, ಪರವಾಗಿಲ್ಲ. ಹೇಳಲ್ಲ ಅಂದ್ರೆ ಏನಮ್ಮ ಅರ್ಥ?" ರೂಪ ಮಿಸ್ ಚಾಕ್‌ಪೀಸನ್ನು ಮೇಜಿನ ಮೇಲಿಟ್ಟರು.

ಗೊತ್ತಿಲ್ಲದೆ ಏನು! ಟೂತ್ ಒಂದಕ್ಕಿಂತ ಹೆಚ್ಚಾದರೆ ಟೀತ್, ಫೂಟ್ ಹೆಚ್ಚಾದರೆ ಫೀಟ್, ಮೌಸ್ ಹೆಚ್ಚಾದರೆ ಮೈಸ್. ಶೀಪ್ ಮಾತ್ರ ಒಂದಾದರೂ ಶೀಪ್, ನೂರಾದರೂ ಶೀಪ್. ಎಲ್ಲವೂ ಪ್ರಮೋದಾಗೆ ಬಾಯಿಪಾಠ. ಶನಿವಾರ ಚನ್ನರಾಯಪಟ್ಟಣದಲ್ಲಿ ಇಂಗ್ಲಿಷ್ ಕಾಂಪಿಟೇಶನ್ ಇತ್ತು. ಶಾಲೆಯಿಂದ ಒಬ್ಬರಿಗೇ ಅವಕಾಶ. ಆ ಒಬ್ಬಳು ತಾನೇ ಆಗಬೇಕೆಂದು ಅವಳು ಮೂರು ವಾರದಿಂದ ಕೂತಲ್ಲಿ ನಿಂತಲ್ಲಿ ಕಲಿತಿದ್ದಳು.

ಆದರೆ ಮಿಸ್ ಕೇಳಿದ್ದು ಬರೀ ಪದವನ್ನಲ್ಲ. "ನಿಮ್ಮನೇಲಿ ಎಷ್ಟು ಕುರಿ ಇದಾವೋ ಅದನ್ನೇ ಸೆಂಟೆನ್ಸ್ ಮಾಡು. ವಿ ಹ್ಯಾವ್ ಇಷ್ಟು ಶೀಪ್ ಅಂತ" ಅಂದಿದ್ದರು.

ಕುರಿ ಸಾಕುವವರು ಲೆಕ್ಕವನ್ನು ಬಾಯಿಬಿಟ್ಟು ಹೇಳುವುದುಂಟೆ? ಹೀಚುಗಾಯಿಗೆ ಬೆರಳು ತೋರಿಸಿದರೆ ಕೊಳೆತುಹೋಗುತ್ತದೆ ಅನ್ನುತ್ತಾರಲ್ಲ, ಇದೂ ಹಾಗೆಯೇ. ಎಣಿಸಿ ಹೇಳಿದರೆ ಮಂದೆಗೆ ದೃಷ್ಟಿಯಾಗುತ್ತದೆ ಅನ್ನುವುದು ಅವಳ ಅಜ್ಜಿ ಸೊಣ್ಣಮ್ಮನ ಮಾತು.

"ಹೋಗ್ಲಿ, ಹತ್ತು ಅಂತಾದ್ರೂ ಹೇಳು. ಸುಮ್ನೆ ಒಂದು ನಂಬರ್" ಅಂದರು ಮಿಸ್.

ಹತ್ತು ಅಂದು, ಕೊನೆಗೆ ಹತ್ತೇ ಉಳಿದುಬಿಟ್ಟರೆ? ಪ್ರಮೋದಾ ತುಟಿ ಬಿಗಿದಳು. ಕಾರಣ ಹೇಳೋಣವೆಂದರೆ, ಹೋದ ವಾರವಷ್ಟೇ ಇದೇ ಮಿಸ್ ಮೂಢನಂಬಿಕೆಯ ಪಾಠ ಮಾಡಿದ್ದರು. ಕ್ಲಾಸೆಲ್ಲ ನಗುತ್ತದೆ. ತನ್ನನ್ನು ನೋಡಿ ನಕ್ಕರೆ ನಗಲಿ, ಅಜ್ಜಿಯನ್ನು ಆಡಿಕೊಂಡು ನಗಬಾರದು.

"ಹೇಳಲ್ಲ ಮಿಸ್."

"ಇಷ್ಟೊಂದು ಹಟಾನಾ? ಹಂಗಾದ್ರೆ ಶನಿವಾರ ನವಾಜ್ ಹೋಗ್ತಾನೆ ಬಿಡು."

ಬೆಲ್ ಹೊಡೆದ ಮೇಲೆ ನವಾಜ್ ಗೇಟಿನ ತನಕ ಹಿಂದೆಯೇ ಬಂದ. "ಅಲ್ಲ ಕಣೇ, ಒಂದು ನಂಬರ್ ಹೇಳೋಕೆ ನಿಂಗೇನು ರೋಗ? ನಂಗೆ ಅರ್ಧ ಬರಲ್ಲ. ನಾನು ಹೋಗಿ ಏನ್ ಮಾಡ್ಲಿ?"

"ಮಾನ ಕಳ್ಕೊಂಡು ಬಾ" ಎಂದು ಪ್ರಮೋದಾ ಬಿರಬಿರನೆ ನಡೆದಳು.

ಅಪ್ಪ ಮೇಯಿಸಿಕೊಂಡು ಬಂದ ಕುರಿಗಳು ಆಗತಾನೇ ದೊಡ್ಡಿಗೆ ನುಗ್ಗುತ್ತಿದ್ದವು. ಬಾಗಿಲಲ್ಲಿ ಅಜ್ಜಿ ಕೋಲೂರಿಕೊಂಡು ನಿಂತಿದ್ದಳು.

"ಎಲ್ಲಾ ನಿನ್ನಿಂದಾನೇ ಅಜ್ಜಿ! ಎಷ್ಟು ಕುರಿ ಅಂತ ಹೇಳಿದ್ರೆ ನಾನು ಕಾಂಪಿಟೇಶನ್‌ಗೆ ಹೋಗ್ತಿದ್ದೆ."

ಅಜ್ಜಿ ತಿರುಗಿಯೂ ನೋಡಲಿಲ್ಲ. ಧೂಳೆಬ್ಬಿಸಿಕೊಂಡು ಕೊನೆಯ ಕುರಿ ಒಳಗೆ ಹೋಗುವುದೇ ತಡ, "ಚುಕ್ಕೆಮೂಗಿ ಬಂದಿಲ್ಲ. ಹೋಗಿ ಬೇಲಿ ಹತ್ರ ನೋಡು" ಅಂದಳು.

ಪ್ರಮೋದಾ ಓಡಿದಳು. ಚುಕ್ಕೆಮೂಗಿ ನಿಜವಾಗಿಯೂ ಮುಳ್ಳುಬೇಲಿಗೆ ಉಣ್ಣೆ ಸಿಕ್ಕಿಸಿಕೊಂಡು ಒದ್ದಾಡುತ್ತಿತ್ತು. ಬಿಡಿಸಿ ಎಳೆದುಕೊಂಡು ಬರುವಷ್ಟರಲ್ಲಿ ಅವಳ ಕೈಯೆಲ್ಲ ಗೀರಾಗಿತ್ತು.

"ನೀನು ಎಣಿಸ್ಲೇ ಇಲ್ವಲ್ಲ ಅಜ್ಜಿ. ಅಷ್ಟಕ್ಕೂ ನಮ್ಮವು ಎಷ್ಟು?"

"ಯಾರಿಗ್ ಗೊತ್ತು? ಯಾವ್ದು ಬಂದಿಲ್ಲ ಅಂತ ಗೊತ್ತಾದ್ರೆ ಸಾಲ್ದಾ? ನೀನು ಮನೆಗೆ ಬರ್ದಿದ್ರೆ ನಾನೇನು ತಲೆ ಎಣಿಸ್ಕೊಂಡು ಕೂತ್ಕೊತೀನಾ?"

ಪ್ರಮೋದಾ ಕಣ್ಣರಳಿಸಿದಳು. ಎಷ್ಟು ಅಂತ ತನಗೂ ಗೊತ್ತಿರಲಿಲ್ಲ! ಗೊತ್ತಿಲ್ಲದ ಲೆಕ್ಕವನ್ನು ಹೇಳುವುದಿಲ್ಲವೆಂದು ಕ್ಲಾಸಿನಲ್ಲಿ ಅಷ್ಟೊಂದು ಹಟ ಹಿಡಿದಿದ್ದಳು.

ಮರುದಿನ ರೂಪ ಮಿಸ್ ಕ್ಲಾಸಿಗೆ ಬಂದರು. ಹಾಜರಿ ಪುಸ್ತಕವನ್ನು ಇನ್ನೂ ತೆರೆದಿರಲಿಲ್ಲ. ಬೆಂಚುಗಳ ಮೇಲೆ ಒಂದು ಸಲ ಕಣ್ಣಾಡಿಸಿ, "ಜಬೀನ್ ಯಾಕೆ ಬಂದಿಲ್ಲ? ನೆನ್ನೆ ಕೆಮ್ತಿದ್ಲು, ಜ್ವರ ಬಂತಾ?" ಎಂದು ಕೇಳಿದರು.

ಪ್ರಮೋದಾ ಯಾರೂ ಕರೆಯದೆಯೇ ಎದ್ದು ನಿಂತಳು.

"ಮಿಸ್, ನಮ್ಮ ಕುರಿ ಎಷ್ಟು ಅಂತ ನಂಗೂ ಗೊತ್ತಿಲ್ಲ, ನಮ್ಮಜ್ಜಿಗೂ ಗೊತ್ತಿಲ್ಲ. ನಮ್ಮನೇಲಿ ಎಣಿಸಲ್ಲ. ಆದ್ರೆ ಒಂದು ಬರ್ದಿದ್ರೂ ಅಜ್ಜಿಗೆ ಗೊತ್ತಾಗುತ್ತೆ. ಈಗ ನಿಮ್ಗೆ ಜಬೀನ್ ಬಂದಿಲ್ಲ ಅಂತ ಗೊತ್ತಾಯ್ತಲ್ಲ, ಹಂಗೆ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಪ್ರಮೋದಾಳ ಕಿವಿ ಬಿಸಿಯಾಯಿತು. ಆದರೂ ಅವಳು ಕೂರಲಿಲ್ಲ.

ಮಿಸ್ ನಗಲಿಲ್ಲ. "ಶನಿವಾರ ಅಲ್ಲಿ ಜಡ್ಜ್ ಇದನ್ನೇ ಕೇಳಿದ್ರೆ?"

"ಅಲ್ಲೂ ಹೇಳಲ್ಲ ಮಿಸ್. ಬೇರೆ ಏನ್ ಕೇಳಿದ್ರೂ ಹೇಳ್ತೀನಿ."

ಮಿಸ್ ಹಾಜರಿ ಪುಸ್ತಕ ತೆರೆದರು. "ಎಂಟು ಗಂಟೆಗೆ ಬಸ್‌ಸ್ಟಾಪಲ್ಲಿ ಇರು. ಲೇಟ್ ಮಾಡ್ಬೇಡ."

ನವಾಜ್ ಕ್ಲಾಸಿಗೆಲ್ಲ ಕೇಳುವಂತೆ ಉಸಿರು ಬಿಟ್ಟ.

ಮಿಸ್ ಹಾಜರಿ ಕರೆಯತೊಡಗಿದರು. ಒಂದೊಂದು ಹೆಸರು ಕರೆದಾಗಲೂ ತಲೆಯೆತ್ತಿ ಆ ಮಗುವಿನ ಮುಖ ನೋಡಿಯೇ ಮುಂದೆ ಹೋಗುತ್ತಿದ್ದರು. ಇದನ್ನು ಪ್ರಮೋದಾ ಇಷ್ಟು ದಿನ ಗಮನಿಸಿಯೇ ಇರಲಿಲ್ಲ. ತನ್ನ ಹೆಸರು ಬಂದಾಗ ಅವಳೂ ಮಿಸ್ ಮುಖವನ್ನೇ ನೋಡುತ್ತಾ, "ಎಸ್ ಮಿಸ್" ಅಂದಳು.