ಮಣ್ಣಿನ ತಲೆ, ಒದ್ದೆ ಟವಲು

ನಮ್ಮ ಕುಟುಂಬದ ಇತಿಹಾಸದಲ್ಲಿ ಜಗಳಗಳಾಗಿವೆ, ಮಾತು ಬಿಟ್ಟದ್ದೂ ಉಂಟು. ಆದರೆ ಒಂದು ತಲೆಯೇ ಕಾಣೆಯಾದದ್ದು ಅದೇ ಮೊದಲು.

ಜೇಡಿಮಣ್ಣಿನ ತಲೆ. ಮಾಡಿದವಳು ನನ್ನ ಹೆಂಡತಿಯ ತಮ್ಮನ ಮಗಳು. ಮಾಡಿದ್ದು ತನ್ನದೇ ಮುಖ. ಹೊಸ ನಿಯಮದ ಪ್ರಕಾರ ಸರ್ಕಾರಿ ವಿಶ್ವವಿದ್ಯಾಲಯ ಸೇರಲು ಗಣಿತ, ವಿಜ್ಞಾನದ ಅಂಕಗಳಷ್ಟೇ ಸಾಲದು. ವರ್ಷವಿಡೀ ಒಂದು ಕಲೆ ಕಲಿತಿರಬೇಕು. ಮಾಡಿದ್ದನ್ನು ಒಯ್ದು, ಪರೀಕ್ಷಕರ ಎದುರೇ ಅದಕ್ಕೆ ಕೊನೆಯ ಕೈ ಆಡಿಸಬೇಕು. ಅಂದು ಸಂಜೆಯೇ ಗಡುವು. ಬೆಳಿಗ್ಗೆ ನೋಡಿದರೆ ಮೇಜಿನ ಮೇಲೆ ಹಲಗೆಯಿದೆ, ಹೊದಿಸಿದ್ದ ಹಳೇ ಬಟ್ಟೆಯಿದೆ—ತಲೆ ಇಲ್ಲ.

ನನ್ನ ಹೆಂಡತಿ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುವವಳು. ಟಿಕೆಟಿಲ್ಲದವರನ್ನು ಅವರು ಕೂತ ಭಂಗಿ ನೋಡಿಯೇ ಹಿಡಿಯುತ್ತಾಳೆ. ಅವಳ ಚೀಲ ಹಿಡಿದು ನಾನೂ ತವರುಮನೆಗೆ ಹೋದೆ.

ಮೊದಲ ವಿಚಾರಣೆ ನನ್ನ ಅತ್ತೆಯವರದು.

“ಅಮ್ಮಾ, ನೀನೇನಾದ್ರೂ ಎತ್ತಿಟ್ಯಾ?”

“ನಾನ್ಯಾಕೆ ಮುಟ್ಲಿ? ಊಟಕ್ಕೆ ಕೂತಾಗೆಲ್ಲ ಗುರಾಯಿಸ್ತಿತ್ತು. ಪೀಡೆ ಹೋಯ್ತು.” ತಕ್ಷಣವೇ ಕಣ್ಣೊರೆಸಿಕೊಂಡರು. “ಮೂಗು ಚೆನ್ನಾಗಿ ಬಂದಿತ್ತು ಕಣೆ. ನನ್ನದೇ ಮೂಗು.”

ಎರಡನೆಯವರು ಕೆಳಮನೆಯ ಬಾಡಿಗೆದಾರರು.

“ಮಣ್ಣು ತೊಳೆದು ಮೋರಿ ಕಟ್ಕೊಳ್ಳೋ ಹಾಗೆ ಮಾಡ್ತಾಳೆ ಅಂತ ಬೈದಿದ್ದು ನಿಜ. ಬೈದೋರೆಲ್ಲ ಕಳ್ಳರಾ ಮೇಡಂ?”

ಮೂರನೆಯವನು ಹುಡುಗಿಯ ಅಪ್ಪ. ಕ್ಷೌರದಂಗಡಿ ಇಟ್ಟವನು.

“ಇವತ್ತು ಅಂಗಡಿಗೆ ರಜ. ಬೆಳಿಗ್ಗೆ ಎಲ್ಲಿಗೆ ಹೋಗಿದ್ದೆಯೋ?”

“ಬೀಗ ಹಾಕಿದ್ನೋ ಇಲ್ವೋ ನೋಡೋಕೆ, ಅಕ್ಕ.”

“ಹಾಕಿತ್ತಾ?”

“ಹಾಕಿತ್ತು. ಇನ್ನೊಂದ್ಸಲ ನೋಡ್ಕೊಂಡು ಬಂದ್ಬಿಡ್ತೀನಿ.” ಹೊರಟೇ ಹೋದ.

ಹುಡುಗಿ ಗೋಡೆಗೊರಗಿ ಕೂತಿದ್ದಳು. “ಪರೀಕ್ಷೆಗೆ ಕೊಟ್ಟಿದ್ದು ವಾಪಸ್ ಬರಲ್ಲ ಅತ್ತೆ, ಅಲ್ಲೇ ಇಟ್ಕೋತಾರೆ. ರಾತ್ರಿ ಅಪ್ಪನಿಗೂ ಹೇಳಿದ್ದೆ. ಈಗ ಕೊಡೋಕೂ ಇಲ್ಲ! ಒಣಗಿದ್ರೆ ಬಿರುಕು ಬಿಡುತ್ತೆ—ಇನ್ನೊಂದು ವರ್ಷ ಕಾಯ್ಬೇಕು.”

ನನ್ನ ಹೆಂಡತಿ ಹಿತ್ತಿಲಿಗೆ ಹೋದಳು. ಹಗ್ಗದ ಮೇಲೆ ಅಂಗಡಿಯ ಟವಲೊಂದು ತೊಟ್ಟಿಕ್ಕುತ್ತಿತ್ತು. ಅಂಚನ್ನು ಬೆರಳಿನಿಂದ ಉಜ್ಜಿ ನೋಡಿದಳು.

“ನಡೀರಿ, ಅಂಗಡಿಗೆ.” ಹುಡುಗಿಯೂ ಎದ್ದು ಬಂದಳು.

ಷಟರ್ ಅರ್ಧ ಎತ್ತಿತ್ತು. ಕನ್ನಡಿಯ ಮುಂದಿನ ಕುರ್ಚಿಯಲ್ಲಿ ತಲೆ ಕೂತಿತ್ತು—ಕೊರಳಿಗೆ ಇನ್ನೊಂದು ಒದ್ದೆ ಟವಲು, ಥೇಟ್ ಗಿರಾಕಿಯಂತೆ. ಅಪ್ಪ ಪಕ್ಕದಲ್ಲಿ ನಿಂತು ಹನಿನೀರು ಚಿಮುಕಿಸುತ್ತಿದ್ದ.

“ಹಳೇ ಬಟ್ಟೆ ಎಲ್ಲರೂ ನೋಡಿದ್ರಿ. ಹಗ್ಗ ಯಾರೂ ನೋಡ್ಲಿಲ್ಲ,” ಎಂದಳು ನನ್ನ ಹೆಂಡತಿ. “ರಜದ ದಿನ ಯಾರ ಗಡ್ಡ ಹೆರೆದು ಟವಲು ಒಗೆದೆಯೋ? ಅಂಚಲ್ಲಿ ಇನ್ನೂ ಜೇಡಿ ಇದೆ. ಒಡೆಯೋನಾಗಿದ್ರೆ ಒದ್ದೆ ಟವಲು ಸುತ್ತಿ ಒಯ್ತಿರ್ಲಿಲ್ಲ. ಕದ್ದೋನಿಗೆ ಅದು ಬಿರುಕು ಬಿಡಬಾರದು ಅಂತ ಚಿಂತೆ. ಅಂಥ ಕಳ್ಳ ನಮ್ಮನೇಲಿ ನೀನೊಬ್ಬನೇ.”

ಅವನು ನಮ್ಮನ್ನು ನೋಡಲಿಲ್ಲ, ಕನ್ನಡಿ ನೋಡಿದ.

“ಇವಳು ಹಾಸ್ಟೆಲ್‌ಗೆ ಹೋಗ್ತಾಳೆ. ಇದೂ ಬರಲ್ಲ ಅಂದ್ಲು. ಎರಡ್ರಲ್ಲಿ ಒಂದಾದ್ರೂ ಇರ್ಲಿ ಅನ್ನಿಸ್ತು. ಇದಿಲ್ದೆ ಅವಳಿಗೆ ಸೇರೋಕಾಗಲ್ಲ ಅಂತ ಆಮೇಲೆ ಹೊಳೀತು. ವಾಪಸ್ ತಂದಿಟ್ಬಿಡೋಣ ಅಂದ್ಕೊಂಡೆ. ಅಷ್ಟರಲ್ಲಿ ನೀನು ಬಂದ್ಯಲ್ಲ ಅಕ್ಕ, ಹೆದರಿಕೆ ಆಯ್ತು.”

ಹುಡುಗಿ ಜಾರಿದ ಟವಲು ಸರಿಮಾಡಿದಳು.

“ಕೂದಲು ಮುಟ್ಟಿಲ್ಲ ತಾನೇ, ಅಪ್ಪಾ?”

“ಇಲ್ಲಮ್ಮ. ಕಿವಿ ಹತ್ರ ಒಂದ್ಚೂರು ಜಾಸ್ತಿ ಇದೆ. ಕೈ ತುರಿಸ್ತು. ಮುಟ್ಲಿಲ್ಲ.”

ವಿಶ್ವವಿದ್ಯಾಲಯಕ್ಕೆ ಹೊರಟ ಕಾರಿನಲ್ಲಿ ತಲೆಯನ್ನು ತೊಡೆಯ ಮೇಲಿಟ್ಟುಕೊಂಡವನು ಅವನೇ, ನಮಗ್ಯಾರಿಗೂ ಕೊಡಲಿಲ್ಲ. ಪರೀಕ್ಷೆಯ ಕೋಣೆಯ ಬಾಗಿಲ ಗಾಜಿನಾಚೆ ನಿಂತು ನೋಡಿದೆವು. ಪರೀಕ್ಷಕರ ಎದುರು ಹುಡುಗಿ ಮೊದಲು ಕೆತ್ತಿ ತೆಗೆದದ್ದು ಕಿವಿಯ ಹತ್ತಿರದ ಆ ಒಂದು ಚೂರನ್ನು.

ಅವಳಿಗೆ ಸೀಟು ಸಿಕ್ಕಿತು. ತಲೆ ಅಲ್ಲೇ ಉಳಿಯಿತು.