ಕುರಿಯ ಕಿವಿ

ಮೂವತ್ತೇಳು ವರ್ಷದ ಮಿರ್ಲಾನನ ತಟ್ಟೆಗೆ ಸಗಿನ್‌ಬೆಕ್ ಕುರಿಯ ಕಿವಿ ಹಾಕಿದ್ದು ಅಕ್ಟೋಬರ್ ತಿಂಗಳಲ್ಲಿ. ಬಿಷ್ಕೆಕ್‌ನ ಆ ಸಾಫ್ಟ್‌ವೇರ್ ಕಚೇರಿಯವರೆಲ್ಲ ಒಂದೇ ಮೇಜಿಗೆ ಕೂತಿದ್ದ ಔತಣ ಅದು. ಬೇಯಿಸಿದ ಕುರಿಯ ತಲೆ ಅಂದಿನ ದೊಡ್ಡ ಮನುಷ್ಯನಿಗೆ ಹೋಗಬೇಕು, ಸಗಿನ್‌ಬೆಕ್‌ಗೆ ಹೋಯಿತು. ಅದರ ಕಿವಿ ಕತ್ತರಿಸಿ ಮನೆಯ ಮಕ್ಕಳಿಗೆ ಕೊಡುವುದು ರೂಢಿ. ಅಲ್ಲಿ ಮಕ್ಕಳು ಯಾರೂ ಇರಲಿಲ್ಲ.

“ತಗೋ ಮಿರ್ಲಾನ್, ನೀನೇ ತಿನ್ನು. ದೊಡ್ಡೋರು ಹೇಳಿದ್ದು ಇನ್ನಾದ್ರೂ ಕಿವಿಗೆ ಬೀಳ್ಲಿ!”

ಮೇಜಿಗೆ ಮೇಜೇ ನಕ್ಕಿತು. ಕಿವಿಯ ಮೇಲೆ ಆಗಲೇ ನರೆ ಇಣುಕುತ್ತಿದ್ದ ಮಿರ್ಲಾನನೂ ನಕ್ಕ, ಅಗಿದು ನುಂಗಿದ. ಆ ಔತಣ ಅವನೇ ಬರೆದ ಕೋಡ್ ಲೈಬ್ರರಿಯ ಹೆಸರಲ್ಲಿ ನಡೆದಿತ್ತು. ಅದು ಅವನದೆಂದು ಮೇಜಿನಲ್ಲಿ ಇಬ್ಬರಿಗಷ್ಟೇ ಗೊತ್ತಿತ್ತು.

ಎರಡು ವರ್ಷ ಕೂತು ಬರೆದದ್ದು. ಪತ್ರದ ಅಚ್ಚೊಂದನ್ನು ಕೊಟ್ಟರೆ ಸಾಕು, ಹೆಸರು, ಊರು, ತಾರೀಖು ತಾನೇ ತುಂಬಿ ಸಾವಿರ ಜನಕ್ಕೆ ಸಾವಿರ ಇ-ಮೇಲ್ ಕಳಿಸುತ್ತಿತ್ತು. ಅಂಥವು ಲೋಕದಲ್ಲಿ ಬೇಕಾದಷ್ಟಿವೆ, ಆದರೆ ಅವಕ್ಕೆ ಮರ್ಯಾದೆ ಗೊತ್ತಿಲ್ಲ. ಮುದುಕನಿಗೂ ಹುಡುಗನಿಗೂ ಒಂದೇ ಮಾತು. ಮಿರ್ಲಾನನ ಲೈಬ್ರರಿ ಬರೆದವನ ವಯಸ್ಸು, ಓದುವವನ ವಯಸ್ಸು ಎರಡನ್ನೂ ನೋಡಿ ಅಣ್ಣನಂಥವನಿಗೆ ‘ಬಾಯ್ಕೆ’, ಅಕ್ಕನಂಥವಳಿಗೆ ‘ಎಜೆ’, ಚಿಕ್ಕವರಿಗೆ ತಮ್ಮ, ತಂಗಿ ಎನ್ನುತ್ತಿತ್ತು. ಹಿರಿಯರನ್ನು ಬರೀ ಹೆಸರಿಟ್ಟು ಕರೆದ ಪತ್ರವನ್ನು ನಮ್ಮಲ್ಲಿ ಯಾರು ಪೂರ್ತಿ ಓದುತ್ತಾರೆ? ಅಲ್ಮಾಟಿಯ ಸಮ್ಮೇಳನದಲ್ಲಿ ಸಗಿನ್‌ಬೆಕ್ ಇದನ್ನೇ ತೋರಿಸಿ ‘ನಾನು ಮಾಡಿದ್ದು’ ಎಂದುಬಿಟ್ಟ. ಚಪ್ಪಾಳೆ ಬಿತ್ತು, ಹೆಗಲಿಗೆ ಜರಿಯ ನಿಲುವಂಗಿ ಬಿತ್ತು. ವಾಪಸು ಬಂದು ವಿಭಾಗದ ಮುಖ್ಯಸ್ಥನಾದ.

ಮಿರ್ಲಾನ್ ಜಗಳಕ್ಕೆ ಹೋಗಲಿಲ್ಲ. ಐವತ್ತೆಂಟರ ಮನುಷ್ಯನೊಡನೆ ಜಗಳವಾಡಿದರೆ ಊರು ದೂರುವುದು ಚಿಕ್ಕವನನ್ನೇ. ಅವನಿಗೆ ಬೇಕಾದದ್ದು ಸಗಿನ್‌ಬೆಕ್‌ನ ಕುರ್ಚಿಯೂ ಅಲ್ಲ. ಇನ್ನು ಬದುಕಿರುವವರೆಗೆ ಯಾವ ಔತಣದಲ್ಲೂ ಯಾರೂ ಆ ಮನುಷ್ಯನ ಮುಂದೆ ಕುರಿಯ ತಲೆ ಇಡಬಾರದು. ಅಷ್ಟಾದರೆ ಹೊಟ್ಟೆಯ ಉರಿ ಆರುತ್ತಿತ್ತು.

ಹತ್ಯಾರವನ್ನು ಸಗಿನ್‌ಬೆಕ್ ತಾನೇ ಮಸೆದಿಟ್ಟಿದ್ದ. ಕಚೇರಿಯ ಗಿರಾಕಿಗಳು ನಾನೂರ ಹನ್ನೆರಡು ಮಂದಿ: ಪ್ರವಾಸಿಗಳಿಗೆ ಗುಡಾರ ಬಾಡಿಗೆಗೆ ಕೊಡುವವರು, ಕಂಬಳಿ ನೇಯುವವರು, ಜೇನು ಮಾರುವವರು. ಅವರ ಪಟ್ಟಿಯಲ್ಲಿ ‘ಟಿಪ್ಪಣಿ’ ಎಂಬ ಕಾಲಂ ಇತ್ತು. ಸಗಿನ್‌ಬೆಕ್ ಒಬ್ಬೊಬ್ಬರ ಬಗ್ಗೆಯೂ ಮನಸ್ಸಿಗೆ ಬಂದದ್ದನ್ನು ಅಲ್ಲಿ ಗೀಚಿದ್ದ. ‘ಪೆದ್ದ. ಕುದುರೆ ಹೊಗಳಿದರೆ ಎಲ್ಲಿ ಬೇಕಾದರೂ ಸಹಿ ಹಾಕುತ್ತಾನೆ.’ ‘ಬಾಯಿ ಬಿಟ್ಟರೆ ಮುಚ್ಚುವುದಿಲ್ಲ. ಗಂಡ ಅದಕ್ಕೇ ಕುಡಿಯುತ್ತಾನೆ.’

ಪ್ರತಿ ಮಾರ್ಚಿನಲ್ಲಿ ನೂರುಜ್ ಹಬ್ಬದ ಹಿಂದಿನ ದಿನ ಗಿರಾಕಿಗಳಿಗೆಲ್ಲ ಶುಭಾಶಯ ಕಳಿಸುವುದು ಮುಖ್ಯಸ್ಥನ ಕೆಲಸ. ಸಗಿನ್‌ಬೆಕ್ ಅಚ್ಚನ್ನು ತೆರೆದು ನೋಡುವವನಲ್ಲ; ಗುಂಡಿ ಒತ್ತುತ್ತಾನೆ, ಕುದುರೆಯಾಟದ ಸುದ್ದಿ ಓದಲು ಕೂರುತ್ತಾನೆ. ಮಿರ್ಲಾನ್ ತನ್ನ ಕಂಪ್ಯೂಟರಿನಲ್ಲಿ ಖಾಲಿ ಅಚ್ಚೊಂದನ್ನು ತೆರೆದು ಹೊಸ ಶುಭಾಶಯ ಬರೆದ. ‘ಹಬ್ಬದ ದಿನ ಮನಸ್ಸಿನಲ್ಲಿ ಕಪಟವಿರಬಾರದು. ನಿಮ್ಮ ಬಗ್ಗೆ ನನ್ನ ಅಭಿಪ್ರಾಯ ಇದು.’ ಅದರ ಕೆಳಗೆ, ಟಿಪ್ಪಣಿ ಬಂದು ಕೂರುವ ಜಾಗ. ಕೊನೆಗೆ ಸಗಿನ್‌ಬೆಕ್‌ನ ಸಹಿ. ಅದನ್ನು ಹಳೆಯ ಅಚ್ಚಿನ ಜಾಗದಲ್ಲಿಟ್ಟ.

ಆಮೇಲೆ ಒಂದೊಂದೇ ಹೆಜ್ಜೆಗುರುತು ಅಳಿಸಿದ. ಬರೆದವರ ಹೆಸರು ಸಗಿನ್‌ಬೆಕ್, ಬರೆದ ಜಾಗ ಸಗಿನ್‌ಬೆಕ್‌ನ ಕಂಪ್ಯೂಟರು, ತಾರೀಖು ತಾನು ರಜೆಯಲ್ಲಿದ್ದ ದಿನ. ಕೊನೆಯ ಮೇಲ್ ಹೋದ ಕೂಡಲೇ ಹಳೆಯ ಅಚ್ಚು ತಾನಾಗಿ ಸ್ವಸ್ಥಾನಕ್ಕೆ ಬರುವಂತೆ ಏರ್ಪಾಡು ಮಾಡಿದ. ಪರೀಕ್ಷೆಗೆ ಪಟ್ಟಿಯ ಮೊದಲ ಗಿರಾಕಿ, ನರೀನ್ ಊರಿನ ಅರವತ್ತೈದರ ಮುದುಕನ ಪತ್ರವನ್ನು ತನ್ನ ಪರದೆಯ ಮೇಲೆ ತೆರೆದು ನೋಡಿದ. ‘ಪ್ರೀತಿಯ ಓಸ್ಮೊನ್ ಬಾಯ್ಕೆ’ ಎಂದೇ ಶುರುವಾಗಿತ್ತು. ಬೈಗುಳದಲ್ಲೂ ಎಷ್ಟು ಮರ್ಯಾದೆ ಎಂದು ತನ್ನ ಕೈಕೆಲಸಕ್ಕೆ ತಾನೇ ತಲೆದೂಗಿದ.

ಸಗಿನ್‌ಬೆಕ್ ಗುಂಡಿ ಒತ್ತಿದ ಮಧ್ಯಾಹ್ನ ಮಿರ್ಲಾನ್ ನಾನೂರು ಕಿಲೋಮೀಟರ್ ದೂರದ ಕರಕೋಲ್‌ನಲ್ಲಿ, ಅಕ್ಕನ ಮನೆಯಲ್ಲಿ, ಖಾರದ ತಣ್ಣನೆಯ ಶಾವಿಗೆ ಸಾರು ಕುಡಿಯುತ್ತಿದ್ದ. ಸಹೋದ್ಯೋಗಿಯ ಫೋನು ಬಂತು.

“ಇಲ್ಲಿ ಬೆಂಕಿ ಬಿದ್ದಿದೆ ಮಾರಾಯ! ಆ ಕುದುರೆಯವನು ಫೋನಲ್ಲಿ ಅಳ್ತಿದಾನೆ. ‘ನನ್ ಕುದುರೆ ಹೊಗಳಿದ್ದೆಲ್ಲಾ ನಾಟ್ಕನಾ ಬಾಯ್ಕೆ?’ ಅಂತ.”

“ಅಯ್ಯೋ ಪಾಪ,” ಎಂದ ಮಿರ್ಲಾನ್. ಇನ್ನೊಂದು ಬಟ್ಟಲು ಹಾಕಿಸಿಕೊಂಡ. ಅಷ್ಟು ರುಚಿಯ ಊಟ ಅವನು ಆ ವರ್ಷ ಉಂಡಿರಲಿಲ್ಲ.

ಹಬ್ಬ ಕಳೆದು ಕಚೇರಿಗೆ ಬಂದಾಗ ಮಾಲೀಕ ಎಲ್ಲರನ್ನೂ ಕೂರಿಸಿದ್ದ. ಸಗಿನ್‌ಬೆಕ್‌ನ ಮುಖ ಬೂದಿ ಬಳಿದಂತಿತ್ತು. ಪಕ್ಕದಲ್ಲಿ, ಗಿರಾಕಿಗಳ ಹುಟ್ಟುಹಬ್ಬಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದ ಬುರುಲ್ ಎಜೆ ಕಾಗದದ ಕಟ್ಟೊಂದನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು.

“ಟಿಪ್ಪಣಿ ನಂದೇ, ತಪ್ಪಾಯ್ತು,” ಎಂದ ಸಗಿನ್‌ಬೆಕ್. “ಆದ್ರೆ ದೇವರಾಣೆ, ಈ ಪತ್ರ ಬರ್ದಿದ್ದು ನಾನಲ್ಲ. ಅಚ್ಚು ಮಾಡೋಕೂ ನಂಗೆ ಬರಲ್ಲ. ಆ ಲೈಬ್ರರೀಲಿ ಒಂದು ಸಾಲೂ ನಂದಲ್ಲ. ಎಲ್ಲಾ ಈ ಮಿರ್ಲಾನ್ ಬರ್ದಿದ್ದು.”

ಎಲ್ಲರೂ ಮಿರ್ಲಾನನ ಕಡೆ ತಿರುಗಿದರು. ಇಷ್ಟು ದಿನ ಕಾದಿದ್ದ ಮಾತು ಕೊನೆಗೂ ಆ ಬಾಯಿಂದಲೇ ಬಂದಿತ್ತು. ಅವನ ಎದೆ ತುಂಬಿಬಂತು.

“ಹೌದು, ನಂದೇ,” ಎಂದ. “ಒಂದೊಂದು ಸಾಲೂ ನಂದೇ.”

“ಈ ಬಾಯ್ಕೆ, ತಮ್ಮ ಅನ್ನೋದು? ಅದೇನಾದ್ರೂ ತಪ್ಪುತ್ತಾ ಮಗಾ?” ಬುರುಲ್ ಎಜೆ ಮೆಲ್ಲಗೆ ಕೇಳಿದಳು.

“ಇಲ್ಲ ಎಜೆ. ನಾಲ್ಕು ವರ್ಷದಲ್ಲಿ ಒಂದು ಸಲವೂ ತಪ್ಪಿಲ್ಲ.”

“ಹಂಗಾದ್ರೆ ನೀನೇ ನೋಡು,” ಎಂದು ಅವಳು ಕಟ್ಟು ಬಿಚ್ಚಿದಳು. ನಾನೂರ ಹನ್ನೆರಡು ಪತ್ರಗಳನ್ನೂ ಹುಟ್ಟಿದ ವರ್ಷದ ಪ್ರಕಾರ ಜೋಡಿಸಿಟ್ಟಿದ್ದಳು. “ಈ ಕುದುರೆಯವನಿಗೆ ನಲವತ್ತೈದು. ಅವನು ಸಗಿನ್‌ಬೆಕ್‌ನನ್ನ ಬಾಯ್ಕೆ ಅಂತಾನೆ, ಸರಿ. ಸಗಿನ್‌ಬೆಕ್ ಅವನನ್ನ ಬಾಯ್ಕೆ ಅಂತಾನಾ? ಎಂಬತ್ತೇಳರಲ್ಲಿ ಹುಟ್ಟಿದೋರ ತನಕ ಎಲ್ಲಾರೂ ಇದ್ರಲ್ಲಿ ಬಾಯ್ಕೆ, ಎಜೆ. ಎಂಬತ್ತೊಂಬತ್ತರಿಂದ ಈಚೆಗೆ ತಮ್ಮ, ತಂಗಿ. ನಡುವೆ ಈ ಆರು ಜನಕ್ಕೆ ಮಾತ್ರ ಓರಗೆಯೋರಿಗೆ ಬರೆಯೋ ಹಾಗೆ ಬರೀ ಹೆಸರು.” ಮಿರ್ಲಾನನಿಗೆ ಆಗ ನೆನಪಾಯಿತು. ಖಾಲಿ ಅಚ್ಚನ್ನು ಯಾರು ತೆರೆದರೂ ಅವರ ಹುಟ್ಟಿದ ವರ್ಷವನ್ನು ಲೈಬ್ರರಿ ಕೇಳದೆಯೇ ಒಳಗೆ ಬರೆದುಕೊಳ್ಳುತ್ತಿತ್ತು. ಯಾರೂ ಕೈಹಾಕಿ ಕೆಡಿಸದಿರಲಿ ಎಂದು ಅದನ್ನು ಬಚ್ಚಿಟ್ಟಿದ್ದವನೂ ಅವನೇ. ಹೆಸರು ಬದಲಿಸಿದ್ದ, ಜಾಗ, ತಾರೀಖು ಎಲ್ಲ ಬದಲಿಸಿದ್ದ. ಬುರುಲ್ ಎಜೆ ಕನ್ನಡಕ ತೆಗೆದು ಕೇಳಿದಳು: “ನಮ್ಮ ಆಫೀಸಲ್ಲಿ ಎಂಬತ್ತೆಂಟರಲ್ಲಿ ಹುಟ್ಟಿದೋನು ನೀನೊಬ್ನೇ ಅಲ್ವೇನೋ ಮಗಾ?”